ಕುದುರೆಯ ಫ್ಲೂ ಜ್ವರ ಮತ್ತು ರಕ್ತಪರೀಕ್ಷೆಯ ಅಂಕೆಗಳು

ಮನುಷ್ಯನ ದುಡಿಮೆಯಲ್ಲಿ ಪಾಲುಗೊಂಡ ಮೂಕ ಪ್ರಾಣಿಗಳಲ್ಲಿ ಎತ್ತಿನ ನಂತರ ನೆನೆಯಬೇಕಾದದ್ದು ಕುದುರೆಯನ್ನು. ಕಲಬುರಗಿ ನಗರದ ಬೀದಿಗಳಲ್ಲಿ ಟಾಂಗಾಗಳ ಕಾಲ ಮುಗಿದಿದ್ದರೂ ಕುದುರೆಯ ಕಾಯಕ ಮುಗಿದಿಲ್ಲ. ಮೆರವಣಿಗೆಯಲ್ಲಿ ಮದುಮಗನನ್ನು ಹೊರುವ ಬಿಳಿ ಕುದುರೆ, ಊರಿಂದೂರಿಗೆ ಸಾಗುವ ಕುರಿಗಾಹಿಗಳ ಗಂಟುಮೂಟೆ ಹೊರುವ ತಟ್ಟು, ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಸಾಗಿಸುವ ಕತ್ತೆ ಇಂದಿಗೂ ಅನೇಕ ಬಡ ಕುಟುಂಬಗಳ ಒಲೆ ಉರಿಸುತ್ತಿವೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆಗೆ ಹೊರಟರೂ ಇಂಥ ಕುಟುಂಬಗಳು ಕಾಣಸಿಗುತ್ತವೆ. ಈ ಪ್ರಾಣಿಗಳಿಗೆ ಜ್ವರ ಬಂದರೆ ಅದು ಕೊಟ್ಟಿಗೆಯ ಸಂಕಟವಷ್ಟೇ ಅಲ್ಲ, ಮನೆಯ ಸಂಕಟವೂ ಹೌದು.

ಕುದುರೆಗೆ ಬರುವ ಜ್ವರಗಳಲ್ಲಿ ಅತಿ ವೇಗವಾಗಿ ಹರಡುವುದು ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರ. ಈ ರೋಗದ ಶಂಕೆ ಬಂದಾಗ ಪಶುವೈದ್ಯರು ರಕ್ತವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಕೆಲವು ದಿನಗಳ ನಂತರ ಒಂದು ವರದಿ ಬರುತ್ತದೆ. ಒಬ್ಬರ ವರದಿಯಲ್ಲಿ 64 ಎಂದಿರುತ್ತದೆ, ಇನ್ನೊಬ್ಬರದರಲ್ಲಿ 95 ಚದರ ಮಿಲಿಮೀಟರ್ ಎಂದಿರುತ್ತದೆ, ಮತ್ತೊಬ್ಬರದರಲ್ಲಿ ಶೇಕಡಾ 70 ಎಂದಿರುತ್ತದೆ. ಇವುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕೇಳಿದರೆ ಉತ್ತರವಿಲ್ಲ. ಏಕೆಂದರೆ ಈ ಮೂರು ಅಂಕೆಗಳು ಮೂರು ಬೇರೆ ಪ್ರಶ್ನೆಗಳಿಗೆ ದೊರೆತ ಉತ್ತರಗಳು. ಪ್ರಶ್ನೆಯನ್ನು ತಿಳಿಯದೆ ಉತ್ತರವನ್ನು ಓದಿದರೆ ರೋಗವಿರುವ ಕುದುರೆಯನ್ನು ಜಾತ್ರೆಗೆ ಕರೆದೊಯ್ಯುವ, ರೋಗವಿಲ್ಲದ ಕುದುರೆಯನ್ನು ತಿಂಗಳುಗಟ್ಟಲೆ ಕಟ್ಟಿಹಾಕುವ ಪ್ರಮಾದ ಎರಡೂ ಸಂಭವಿಸುತ್ತವೆ. ಆದ್ದರಿಂದ ಈ ಪರೀಕ್ಷೆಗಳ ಸ್ವರೂಪವನ್ನು, ಅವುಗಳ ನಡುವಣ ಭೇದವನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ರೋಗದ ಪರಿಚಯ

ಕುದುರೆಯ ಫ್ಲೂ ರೋಗಕ್ಕೆ ಕಾರಣ ಇನ್‌ಫ್ಲುಯೆಂಜಾ ‘ಎ’ ಗುಂಪಿಗೆ ಸೇರಿದ ಒಂದು ವೈರಾಣು. 1956ರಲ್ಲಿ ಪ್ರಾಗ್ ನಗರದಲ್ಲಿ ಎಚ್7ಎನ್7 ಎಂಬ ಬಗೆಯನ್ನೂ, 1963ರಲ್ಲಿ ಅಮೆರಿಕದ ಮಯಾಮಿಯಲ್ಲಿ ಎಚ್3ಎನ್8 ಎಂಬ ಬಗೆಯನ್ನೂ ಕುದುರೆಗಳಿಂದ ಬೇರ್ಪಡಿಸಿ ಗುರುತಿಸಲಾಯಿತು. ಮೊದಲನೆಯದು ಹಲವು ದಶಕಗಳಿಂದ ಕಾಣಿಸಿಕೊಂಡಿಲ್ಲ. ಇಂದು ಜಗತ್ತಿನಲ್ಲಿ ಕುದುರೆಗಳನ್ನು ಕಾಡುತ್ತಿರುವುದು ಎರಡನೆಯದು.

ವೈರಾಣು ಮೂಗಿನ ಮೂಲಕ ದೇಹವನ್ನು ಸೇರಿ ಶ್ವಾಸನಾಳದ ಒಳಪದರವನ್ನು ಹಾಳುಗೆಡಹುತ್ತದೆ. ಸೋಂಕು ತಗುಲಿದ ಒಂದರಿಂದ ಮೂರು ದಿನಗಳಲ್ಲಿ ಜ್ವರ ಏರುತ್ತದೆ. ಆರೋಗ್ಯವಂತ ಕುದುರೆಯ ಮೈಬಿಸಿ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಈ ರೋಗದಲ್ಲಿ ಅದು 41 ಡಿಗ್ರಿಯವರೆಗೂ ಹೋಗಬಹುದು. ಒಣ ಕೆಮ್ಮು, ಮೂಗಿನಿಂದ ನೀರು, ಮೇವಿನಲ್ಲಿ ಅನಾಸಕ್ತಿ, ನಡೆಯಲು ಹಿಂಜರಿಕೆ ಇವು ಮುಖ್ಯ ಲಕ್ಷಣಗಳು. ಆರೈಕೆ ಸರಿಯಾಗಿದ್ದರೆ ಬಹುಪಾಲು ಕುದುರೆಗಳು ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ವಿಶ್ರಾಂತಿ ಕೊಡದೆ ದುಡಿಸಿದ ಕುದುರೆಗೆ, ಎಳೆಯ ಮರಿಗಳಿಗೆ ಹಾಗೂ ಕತ್ತೆಗಳಿಗೆ ಬ್ಯಾಕ್ಟೀರಿಯಾ ಸೋಂಕು ಸೇರಿ ನ್ಯುಮೋನಿಯಾ ಆಗುವ ಅಪಾಯ ಹೆಚ್ಚು.

ನಮ್ಮ ದೇಶಕ್ಕೆ ಈ ರೋಗ ಹೊಸದಲ್ಲ. 1987ರಲ್ಲಿ ಉತ್ತರ ಭಾರತದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಹರಡಿತ್ತು. ಅನಂತರ ಎರಡು ದಶಕಗಳ ಕಾಲ ಶಾಂತವಾಗಿದ್ದು, 2008ರ ಜೂನ್ ವೇಳೆಗೆ ಜಮ್ಮುವಿನ ಕಟ್ರಾ ಪ್ರದೇಶದಲ್ಲಿ ಮತ್ತೆ ತಲೆಯೆತ್ತಿತು. ವೈಷ್ಣೋದೇವಿಯ ಯಾತ್ರಿಕರನ್ನು ಬೆಟ್ಟಕ್ಕೆ ಹೊತ್ತೊಯ್ಯುವ ಕುದುರೆ ಮತ್ತು ಹೇಸರಗತ್ತೆಗಳು ಒಂದೆಡೆ ಕಿಕ್ಕಿರಿದು ಸೇರುವ ಸ್ಥಳ ಅದು. ಅಲ್ಲಿಂದ ರೋಗವು ರಾಜ್ಯದಿಂದ ರಾಜ್ಯಕ್ಕೆ ದಾಟುತ್ತ ದಕ್ಷಿಣಕ್ಕೂ ಬಂದಿತು. ಆ ಹಾವಳಿಯ ಕಾಲದಲ್ಲಿ ಬೇರ್ಪಡಿಸಿ ಅಧ್ಯಯನಕ್ಕೆ ಒಳಪಡಿಸಿದ ವೈರಾಣುಗಳಲ್ಲಿ ಒಂದಕ್ಕೆ ನಮ್ಮ ಮೈಸೂರಿನ ಹೆಸರೇ ಇದೆ. ಜಮ್ಮು-ಕಟ್ರಾ, ಮೈಸೂರು ಮತ್ತು ಅಹಮದಾಬಾದ್ ವೈರಾಣುಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಅವೆಲ್ಲವೂ ಎಚ್3ಎನ್8 ಬಗೆಯ ಒಂದೇ ಕವಲಿಗೆ ಸೇರಿದವು ಎಂದು ಕಂಡುಕೊಂಡರು. ಕಟ್ರಾದ ಬೆಟ್ಟಕ್ಕೂ ಮೈಸೂರಿಗೂ ಎಷ್ಟು ದೂರವೆಂಬುದನ್ನು ನೆನೆದರೆ, ಕಲಬುರಗಿಯ ಲಾಯವೂ ಕಮಲಾಪುರದ ಕೊಟ್ಟಿಗೆಯೂ ಈ ರೋಗಕ್ಕೆ ದೂರವಲ್ಲವೆಂದು ಮನವರಿಕೆಯಾಗುತ್ತದೆ.

ಪ್ರತಿಕಾಯವೆಂದರೇನು?

ವೈರಾಣು ದೇಹವನ್ನು ಹೊಕ್ಕಾಗ ದೇಹವು ಅದನ್ನು ಎದುರಿಸಲು ರಕ್ತದಲ್ಲಿ ಕೆಲವು ಪ್ರೋಟೀನುಗಳನ್ನು ಸಿದ್ಧಗೊಳಿಸುತ್ತದೆ. ಇವೇ ಪ್ರತಿಕಾಯಗಳು. ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ ಒಂದೊಂದು ಪ್ರತಿಕಾಯವೂ ವೈರಾಣುವಿನ ಒಂದೊಂದು ಭಾಗಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಲಸಿಕೆ ಹಾಕಿಸಿದಾಗಲೂ ಪ್ರತಿಕಾಯಗಳು ಹುಟ್ಟುತ್ತವೆ. ತಾಯಿಯ ಗಿಣ್ಣುಹಾಲಿನ ಮೂಲಕ ಮರಿಗೂ ಅವು ದೊರೆಯುತ್ತವೆ.

ಮುಂದಿನ ವಿವರಣೆಗಾಗಿ ವೈರಾಣುವಿನ ಎರಡು ಭಾಗಗಳನ್ನು ನೆನಪಿನಲ್ಲಿಟ್ಟರೆ ಸಾಕು. ಒಂದು, ಅದರ ಹೊರಮೈಯ ಮೇಲೆ ಮುಳ್ಳಿನಂತೆ ಎದ್ದುನಿಂತ ಹೀಮಗ್ಲುಟಿನಿನ್. ಈ ಮುಳ್ಳಿನಿಂದಲೇ ವೈರಾಣು ಶ್ವಾಸನಾಳದ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ಮುಚ್ಚುವ ಪ್ರತಿಕಾಯವಿದ್ದರೆ ವೈರಾಣುವಿಗೆ ಒಳನುಗ್ಗಲಾಗದು. ಎರಡು, ವೈರಾಣುವಿನ ಒಳಗೆ ಅದರ ವಂಶದ್ರವ್ಯವನ್ನು ಸುತ್ತಿಕೊಂಡಿರುವ ನ್ಯೂಕ್ಲಿಯೋಪ್ರೋಟೀನ್. ಇದಕ್ಕೆ ವಿರುದ್ಧವಾದ ಪ್ರತಿಕಾಯವು ವೈರಾಣುವಿನ ಪ್ರವೇಶವನ್ನು ತಡೆಯದು. ಆದರೆ ವೈರಾಣು ದೇಹಕ್ಕೆ ಬಂದಿತ್ತೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಮೊದಲನೆಯ ಪ್ರತಿಕಾಯ ಬಾಗಿಲ ಕಾವಲುಗಾರ, ಎರಡನೆಯದು ಬಂದುಹೋದವರ ಹೆಸರನ್ನು ಬರೆದಿಟ್ಟ ದಫ್ತರ ಎಂದು ತಿಳಿಯಬಹುದು. ಕಾವಲುಗಾರನ ಬಲವನ್ನು ಅಳೆಯುವ ಪರೀಕ್ಷೆಗಳೇ ಬೇರೆ, ದಫ್ತರವನ್ನು ಓದುವ ಪರೀಕ್ಷೆಯೇ ಬೇರೆ.

ಮೊದಲನೆಯದು: ಎಚ್‌ಐ ಪರೀಕ್ಷೆ

ಇನ್‌ಫ್ಲುಯೆಂಜಾ ವೈರಾಣುವನ್ನು ಕೋಳಿಯ ಕೆಂಪು ರಕ್ತಕಣಗಳೊಡನೆ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದನ್ನು 1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಈ ಅಂಟುವಿಕೆಯನ್ನು ಪ್ರತಿಕಾಯ ತಡೆಯುತ್ತದೆಯೇ ಎಂದು ನೋಡುವುದೇ ಹೀಮಗ್ಲುಟಿನೇಷನ್ ಇನ್‌ಹಿಬಿಷನ್, ಚಿಕ್ಕದಾಗಿ ಎಚ್‌ಐ ಪರೀಕ್ಷೆ.

ಸಾಲುಸಾಲಾಗಿ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಕುದುರೆಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು ಹಾಕಿ ಪ್ರತಿ ಗುಳಿಗೂ ಎರಡು ಪಟ್ಟು ತೆಳುವಾಗುವಂತೆ ಮಾಡುತ್ತ ಹೋಗುತ್ತಾರೆ. 8ರಲ್ಲಿ ಒಂದು ಪಾಲು, 16ರಲ್ಲಿ ಒಂದು ಪಾಲು, 32ರಲ್ಲಿ ಒಂದು ಪಾಲು ಎಂಬಂತೆ ಇದು ಸಾಗುತ್ತದೆ. ಎಲ್ಲ ಗುಳಿಗಳಿಗೂ ಒಂದೇ ಅಳತೆಯ ವೈರಾಣುವನ್ನು, ಆಮೇಲೆ ಕೋಳಿಯ ರಕ್ತಕಣಗಳನ್ನು ಸೇರಿಸುತ್ತಾರೆ. ಪ್ರತಿಕಾಯವಿರುವ ಗುಳಿಯಲ್ಲಿ ರಕ್ತಕಣಗಳು ಜಾರಿ ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂಡುತ್ತವೆ. ಪ್ರತಿಕಾಯ ಸಾಲದ ಗುಳಿಯಲ್ಲಿ ಕಣಗಳು ಪರಸ್ಪರ ಹೆಣೆದುಕೊಂಡು ಚಾಪೆಯಂತೆ ಹರಡಿಕೊಳ್ಳುತ್ತವೆ. ಬೊಟ್ಟು ಕಾಣಿಸಿಕೊಂಡ ಕೊನೆಯ ಗುಳಿ 64ರದ್ದಾದರೆ ವರದಿಯಲ್ಲಿ 64 ಎಂದು ಬರೆಯಲಾಗುತ್ತದೆ. ಇದಕ್ಕೆ ಟೈಟರ್ ಎಂದು ಹೆಸರು.

ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಡ, ಖರ್ಚು ಕಡಿಮೆ, ಫಲಿತಾಂಶ ಅದೇ ದಿನ ದೊರೆಯುತ್ತದೆ. ಆದರೆ ಇದರಲ್ಲಿ ಮೂರು ತೊಡಕುಗಳಿವೆ. ಮೊದಲನೆಯದಾಗಿ, ಕುದುರೆಯ ಸೀರಂನಲ್ಲಿ ಪ್ರತಿಕಾಯವಲ್ಲದಿದ್ದರೂ ವೈರಾಣುವಿಗೆ ಅಂಟಿಕೊಳ್ಳುವ ಕೆಲವು ಸಹಜ ಪದಾರ್ಥಗಳಿವೆ. ಅವುಗಳನ್ನು ಕಿಣ್ವದಿಂದಲೋ ರಾಸಾಯನಿಕದಿಂದಲೋ ಮೊದಲು ನಿವಾರಿಸದಿದ್ದರೆ ಇಲ್ಲದ ಪ್ರತಿಕಾಯ ಇರುವಂತೆ ತೋರುತ್ತದೆ. ಎರಡನೆಯದಾಗಿ, ಎಚ್3ಎನ್8 ವೈರಾಣುವನ್ನು ಇಡಿಯಾಗಿ ಬಳಸಿದರೆ ಕಡಿಮೆ ಪ್ರಮಾಣದ ಪ್ರತಿಕಾಯ ಕಣ್ಣಿಗೆ ಬೀಳದೆ ಹೋಗಬಹುದು. ಈಥರ್‌ನಂಥ ದ್ರಾವಣದಿಂದ ವೈರಾಣುವನ್ನು ಒಡೆದು ಬಳಸಿದರೆ ಪರೀಕ್ಷೆಯ ಸೂಕ್ಷ್ಮತೆ ಹೆಚ್ಚುತ್ತದೆ. ಹಾಗಾಗಿ ಎರಡು ಪ್ರಯೋಗಾಲಯಗಳು ಎರಡು ವಿಧಾನ ಅನುಸರಿಸಿದರೆ ಒಂದೇ ರಕ್ತಕ್ಕೆ ಎರಡು ಅಂಕೆಗಳು ಬರುತ್ತವೆ. ಮೂರನೆಯದಾಗಿ, ಇಲ್ಲಿ ಅಂಕೆಗಳು ಎರಡೆರಡು ಪಟ್ಟು ಜಿಗಿಯುವುದರಿಂದ ಒಂದು ಗುಳಿಯ ಏರುಪೇರು ಸಹಜ. 32 ಇದ್ದದ್ದು 64 ಆದರೆ ಅದಕ್ಕೆ ಅರ್ಥ ಕಲ್ಪಿಸಬಾರದು. 16 ಇದ್ದದ್ದು 64 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ ಮಾತ್ರ ಅದನ್ನು ಹೊಸ ಸೋಂಕಿನ ಕುರುಹೆಂದು ಪರಿಗಣಿಸುತ್ತಾರೆ.

ಎರಡನೆಯದು: ಎಸ್‌ಆರ್‌ಎಚ್ ಪರೀಕ್ಷೆ

ಸಿಂಗಲ್ ರೇಡಿಯಲ್ ಹೀಮೋಲಿಸಿಸ್ ಎಂಬ ಈ ವಿಧಾನವು ಇನ್‌ಫ್ಲುಯೆಂಜಾ ಪ್ರತಿಕಾಯಗಳ ಅಳತೆಗಾಗಿ 1975ರಲ್ಲಿ ಪ್ರಕಟವಾಯಿತು. ಕುರಿಯ ಕೆಂಪು ರಕ್ತಕಣಗಳಿಗೆ ವೈರಾಣುವನ್ನು ಅಂಟಿಸಿ, ಅವನ್ನು ಅಗರೋಸ್ ಎಂಬ ಪಾರದರ್ಶಕ ಲೋಳೆಯಲ್ಲಿ ಬೆರೆಸಿ, ತೆಳುವಾದ ಹಾಳೆಯಂತೆ ಹೆಪ್ಪುಗಟ್ಟಿಸುತ್ತಾರೆ. ಜೊತೆಗೆ ಗಿನಿಯಿಲಿಯ ರಕ್ತದಿಂದ ಪಡೆದ ಕಾಂಪ್ಲಿಮೆಂಟ್ ಎಂಬ ಪದಾರ್ಥವನ್ನೂ ಸೇರಿಸಿರುತ್ತಾರೆ. ಆ ಹಾಳೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಪ್ರತಿಯೊಂದಕ್ಕೂ ಒಂದೊಂದು ಕುದುರೆಯ ಸೀರಂ ಹಾಕುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಸೀರಂ ಸುತ್ತಲೂ ಹರಡುತ್ತದೆ. ಪ್ರತಿಕಾಯ ತಲುಪಿದಷ್ಟು ದೂರದವರೆಗೆ ರಕ್ತಕಣಗಳು ಒಡೆದು ಕೆಂಪು ಹಾಳೆಯಲ್ಲಿ ತಿಳಿಯಾದ ವೃತ್ತ ಮೂಡುತ್ತದೆ. ಪ್ರತಿಕಾಯ ಹೆಚ್ಚಿದಷ್ಟೂ ವೃತ್ತ ದೊಡ್ಡದು. ವೃತ್ತದ ವಿಸ್ತೀರ್ಣವನ್ನು ಚದರ ಮಿಲಿಮೀಟರುಗಳಲ್ಲಿ ವರದಿ ಮಾಡಲಾಗುತ್ತದೆ.

ಇಲ್ಲಿ ಅಂಕೆಗಳು ಜಿಗಿಯುವುದಿಲ್ಲ, ಅಳತೆಪಟ್ಟಿಯ ಗೆರೆಗಳಂತೆ ಒಂದರ ಪಕ್ಕ ಒಂದಾಗಿ ಸಾಗುತ್ತವೆ. ಆದ್ದರಿಂದ ಸಣ್ಣ ವ್ಯತ್ಯಾಸವೂ ತಿಳಿಯುತ್ತದೆ, ಬೇರೆ ಬೇರೆ ಪ್ರಯೋಗಾಲಯಗಳ ಫಲಿತಾಂಶಗಳೂ ಹೆಚ್ಚು ಹೊಂದಿಕೆಯಾಗುತ್ತವೆ. ಎರಡು ಮಾದರಿಗಳ ನಡುವೆ 25 ಚದರ ಮಿಲಿಮೀಟರ್ ಅಥವಾ ಮೊದಲಿನ ವಿಸ್ತೀರ್ಣದ ಅರ್ಧದಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಏರಿಕೆ ಕಂಡರೆ ಅದನ್ನು ಇತ್ತೀಚಿನ ಸೋಂಕಿನ ಗುರುತೆಂದು ತಿಳಿಯುತ್ತಾರೆ.

ಈ ಪರೀಕ್ಷೆಗೆ ಇನ್ನೊಂದು ಹಿರಿಮೆಯೂ ಇದೆ. ಕುದುರೆಗೆ ಎಷ್ಟರ ಮಟ್ಟಿಗೆ ರಕ್ಷಣೆಯಿದೆ ಎಂಬುದನ್ನು ಇದರ ಅಂಕೆಯಿಂದ ಅಂದಾಜು ಮಾಡಬಹುದು. ಲಸಿಕೆ ಪಡೆದ ಕುದುರೆಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಸುಮಾರು 85 ಚದರ ಮಿಲಿಮೀಟರ್ ಮುಟ್ಟಿದ ಕುದುರೆಗಳು ರೋಗಲಕ್ಷಣಗಳಿಂದ ಬಹುಮಟ್ಟಿಗೆ ಪಾರಾದವು. ಸೋಂಕನ್ನೇ ತಡೆಯಬೇಕಾದರೆ 150ರ ಆಸುಪಾಸಿನ ಅಂಕೆ ಬೇಕಾಯಿತು. ಲಸಿಕೆಯ ವೈರಾಣುವಿಗೂ ಹೊರಗೆ ಹರಡುತ್ತಿರುವ ವೈರಾಣುವಿಗೂ ಹೋಲಿಕೆಯಿದ್ದಾಗ ಮಾತ್ರ ಈ ಲೆಕ್ಕ ಸಲ್ಲುತ್ತದೆ.

ಎರಡು ಅಂಕೆಗಳ ನಡುವೆ ಇರುವ ಅಂತರವನ್ನು ಗಮನಿಸಬೇಕು. 85 ಚದರ ಮಿಲಿಮೀಟರ್ ವೃತ್ತದ ಅಡ್ಡಳತೆ ಸುಮಾರು 10.4 ಮಿಲಿಮೀಟರ್, 150ರ ವೃತ್ತದ್ದು ಸುಮಾರು 13.8. ಕಣ್ಣಿಗೆ ಕಾಣುವ ವ್ಯತ್ಯಾಸ ಮೂರೂವರೆ ಮಿಲಿಮೀಟರಿಗಿಂತ ಕಡಿಮೆ. ಆದರೆ 100 ಅಂಕೆಯ ಕುದುರೆ ತಾನು ಕೆಮ್ಮದೆಯೇ ಸೋಂಕನ್ನು ಹೊತ್ತು ಪಕ್ಕದ ಕುದುರೆಗೆ ದಾಟಿಸಬಲ್ಲದು. ನೋಡಲು ಆರೋಗ್ಯವಾಗಿರುವ ಕುದುರೆ ಜಾತ್ರೆಗೆ ರೋಗ ತರುವುದು ಹೀಗೆಯೇ.

ಇದರ ಕೊರತೆಯೆಂದರೆ ಸಿದ್ಧತೆಗೆ ಬೇಕಾಗುವ ಕೌಶಲ ಮತ್ತು ಸಾಮಗ್ರಿ. ಸೀರಂನಲ್ಲಿ ರಕ್ತಕಣ ಒಡೆದು ಕೆಂಪು ಬೆರೆತಿದ್ದರೆ ವೃತ್ತವನ್ನು ಓದುವುದು ಕಷ್ಟವಾಗುತ್ತದೆ.

ಮೂರನೆಯದು: ತಟಸ್ಥೀಕರಣ ಪರೀಕ್ಷೆ

ಸೀರಂ ಮತ್ತು ಜೀವಂತ ವೈರಾಣುವನ್ನು ಬೆರೆಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿ, ಕೋಶಗಳು ಉಳಿಯುತ್ತವೆಯೋ ನಾಶವಾಗುತ್ತವೆಯೋ ಎಂದು ಕೆಲವು ದಿನ ಕಾದು ನೋಡುವುದು ಈ ವಿಧಾನ. ಇದಕ್ಕೆ ಸಾಮಾನ್ಯವಾಗಿ ನಾಯಿಯ ಮೂತ್ರಪಿಂಡದಿಂದ ಪಡೆದ ಕೋಶಗಳ ತಳಿಯನ್ನು ಬಳಸುತ್ತಾರೆ. ಕಾವಲುಗಾರ ನಿಜವಾಗಿ ಬಾಗಿಲು ಕಾಯುತ್ತಾನೆಯೇ ಎಂಬುದನ್ನು ನೇರವಾಗಿ ತೋರಿಸುವ ಪರೀಕ್ಷೆ ಇದು. ಆದರೆ ಜೀವಂತ ವೈರಾಣುವನ್ನು ನಿರ್ವಹಿಸುವ ಸುರಕ್ಷಿತ ವ್ಯವಸ್ಥೆ, ಕೋಶಗಳನ್ನು ಸಾಕುವ ಸೌಕರ್ಯ, ನುರಿತ ಕೈ ಇವೆಲ್ಲ ಬೇಕು. ಆದ್ದರಿಂದ ಇದು ಸಂಶೋಧನೆಗೆ ಹೆಚ್ಚು ಒದಗುತ್ತದೆ, ದಿನನಿತ್ಯದ ತಪಾಸಣೆಗೆ ವಿರಳ.

ನಾಲ್ಕನೆಯದು: ಎಲೈಸಾ

ಮನುಷ್ಯರ ಅನೇಕ ರೋಗಗಳ ತಪಾಸಣೆಯಲ್ಲಿ ಎಲೈಸಾ ಎಂಬ ಹೆಸರನ್ನು ಓದುಗರು ಕೇಳಿರಬಹುದು. ಕುದುರೆಯ ಫ್ಲೂ ರೋಗಕ್ಕೆ ಬಳಸುವ ಎಲೈಸಾದಲ್ಲಿ ನ್ಯೂಕ್ಲಿಯೋಪ್ರೋಟೀನನ್ನು ತಟ್ಟೆಯ ಗುಳಿಗಳಿಗೆ ಲೇಪಿಸಿರುತ್ತಾರೆ. ಸೀರಂನಲ್ಲಿ ಪ್ರತಿಕಾಯವಿದ್ದರೆ ಅದು ಮೊದಲೇ ಜಾಗ ಹಿಡಿಯುತ್ತದೆ. ಅನಂತರ ಹಾಕುವ, ಬಣ್ಣ ಹುಟ್ಟಿಸುವ ಪ್ರತಿಕಾಯಕ್ಕೆ ಜಾಗ ಸಿಗುವುದಿಲ್ಲ. ಆದ್ದರಿಂದ ಬಣ್ಣ ಕಡಿಮೆಯಾದಷ್ಟೂ ಕುದುರೆಯ ರಕ್ತದಲ್ಲಿ ಪ್ರತಿಕಾಯ ಹೆಚ್ಚೆಂದು ಅರ್ಥ. ಯಂತ್ರವೇ ಬಣ್ಣವನ್ನು ಅಳೆದು ಫಲಿತಾಂಶವನ್ನು ಶೇಕಡಾವಾರು ಹೇಳುತ್ತದೆ. ಕೆಲವೇ ಗಂಟೆಗಳಲ್ಲಿ ಹತ್ತಾರು ಮಾದರಿಗಳನ್ನು ನೋಡಬಹುದು.

ವೈರಾಣುವಿನ ಹೊರಮುಳ್ಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ರೂಪ ಬದಲಿಸುತ್ತದೆ. ಹಳೆಯ ವೈರಾಣುವನ್ನು ಬಳಸಿ ಎಚ್‌ಐ ಅಥವಾ ಎಸ್‌ಆರ್‌ಎಚ್ ಮಾಡಿದರೆ ಹೊಸ ವೈರಾಣುವಿನ ಪ್ರತಿಕಾಯ ಪೂರ್ತಿ ಸಿಗದಿರಬಹುದು. ಒಳಗಿನ ನ್ಯೂಕ್ಲಿಯೋಪ್ರೋಟೀನ್ ಅಷ್ಟಾಗಿ ಬದಲಾಗದು. ಹಾಗಾಗಿ ಯಾವ ಬಗೆಯ ಇನ್‌ಫ್ಲುಯೆಂಜಾ ‘ಎ’ ವೈರಾಣು ಬಂದರೂ ಎಲೈಸಾ ಅದರ ಗುರುತನ್ನು ಹಿಡಿಯುತ್ತದೆ. ಆದರೆ ಶೇಕಡಾ 70 ಬಂದಿತೆಂದು ಕುದುರೆಗೆ 70 ಪಾಲು ರಕ್ಷಣೆ ಇದೆಯೆಂದು ತಿಳಿಯುವುದು ಶುದ್ಧ ತಪ್ಪು. ಎಲೈಸಾ ಓದುವುದು ದಫ್ತರವನ್ನು, ಕಾವಲುಗಾರನ ಬಲವನ್ನಲ್ಲ.

ಈ ಪರೀಕ್ಷೆಯ ಬೆಲೆ ಏನೆಂಬುದನ್ನು ಆಸ್ಟ್ರೇಲಿಯಾದ ಅನುಭವ ತೋರಿಸಿಕೊಟ್ಟಿತು. ಆ ದೇಶಕ್ಕೆ 2007ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಕುದುರೆಯ ಫ್ಲೂ ಕಾಲಿಟ್ಟಿತು. ಕುದುರೆಗಳ ಓಡಾಟವನ್ನು ನಿಲ್ಲಿಸಿ ಲಸಿಕೆ ಹಾಕಲಾಯಿತು. ಆದರೆ ಲಸಿಕೆ ಹಾಕಿದ ಮೇಲೆ ಯಾವ ಕುದುರೆಯ ಪ್ರತಿಕಾಯ ಲಸಿಕೆಯದು, ಯಾವುದರದು ಸೋಂಕಿನದು ಎಂದು ತಿಳಿಯುವುದು ಹೇಗೆ? ಅಲ್ಲಿ ಆಯ್ದ ಲಸಿಕೆಯಲ್ಲಿ ಹೊರಮುಳ್ಳಿನ ಅಂಶ ಮಾತ್ರವಿತ್ತು, ನ್ಯೂಕ್ಲಿಯೋಪ್ರೋಟೀನ್ ಇರಲಿಲ್ಲ. ಆದ್ದರಿಂದ ಎಲೈಸಾದಲ್ಲಿ ನ್ಯೂಕ್ಲಿಯೋಪ್ರೋಟೀನ್ ಪ್ರತಿಕಾಯ ಕಂಡರೆ ಅದು ನಿಜವಾದ ಸೋಂಕಿನದೇ ಎಂದು ಹೇಳಲು ಸಾಧ್ಯವಾಯಿತು. ಆ ವರ್ಷದ ಡಿಸೆಂಬರ್ ನಂತರ ಅಲ್ಲಿ ಹೊಸ ಪ್ರಕರಣ ಕಾಣಲಿಲ್ಲ. ಇಡಿಯ ವೈರಾಣುವನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆಗೆ ಈ ಸೌಲಭ್ಯವಿಲ್ಲ. ಅದರಲ್ಲಿ ಎರಡೂ ಅಂಶಗಳಿರುವುದರಿಂದ ಎಲೈಸಾಕ್ಕೆ ಭೇದ ತಿಳಿಯದು. ಹೀಗಾಗಿ ಯಾವ ಲಸಿಕೆ, ಯಾವ ದಿನ ಹಾಕಿಸಿದ್ದೆಂಬ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ರಕ್ತಪರೀಕ್ಷೆಯಷ್ಟೇ ಮುಖ್ಯ.

ಯಾವ ಪ್ರಶ್ನೆಗೆ ಯಾವ ಪರೀಕ್ಷೆ?

ಕುದುರೆಗೆ ಈಗ ಜ್ವರವಿದೆ, ಇದು ಫ್ಲೂ ಹೌದೇ ಎಂಬುದು ಪ್ರಶ್ನೆಯಾದರೆ ಮೇಲಿನ ನಾಲ್ಕರಲ್ಲಿ ಯಾವುದೂ ಮೊದಲ ಉತ್ತರವಲ್ಲ. ಪ್ರತಿಕಾಯ ಹುಟ್ಟಲು ಒಂದು ವಾರದಷ್ಟಾದರೂ ಕಾಲ ಬೇಕು. ಜ್ವರ ಬಂದ ಮೊದಲ ಕೆಲವು ದಿನಗಳಲ್ಲಿ ಮೂಗಿನ ಆಳದಿಂದ ಸ್ವಾಬ್ ತೆಗೆದು ಪಿಸಿಆರ್ ಪರೀಕ್ಷೆ ಮಾಡಿಸಿ ವೈರಾಣುವನ್ನೇ ಹುಡುಕಬೇಕು. ಆ ದಿನಗಳಲ್ಲಿ ರಕ್ತ ಮಾತ್ರ ಪರೀಕ್ಷಿಸಿ, ಪ್ರತಿಕಾಯವಿಲ್ಲವೆಂದು ನೆಮ್ಮದಿಪಡುವುದು ಅಪಾಯಕಾರಿ.

ಕಳೆದ ತಿಂಗಳು ಲಾಯದಲ್ಲಿ ಹರಡಿದ ಕೆಮ್ಮು ಫ್ಲೂ ಆಗಿತ್ತೇ ಎಂಬುದು ಪ್ರಶ್ನೆಯಾದರೆ ಎಚ್‌ಐ ಅಥವಾ ಎಸ್‌ಆರ್‌ಎಚ್ ಸೂಕ್ತ, ಆದರೆ ಎರಡು ಮಾದರಿಗಳು ಬೇಕು. ಹಾಕಿಸಿದ ಲಸಿಕೆ ಫಲಿಸಿದೆಯೇ, ರಕ್ಷಣೆ ಸಾಕೇ ಎಂಬುದು ಪ್ರಶ್ನೆಯಾದರೆ ಎಸ್‌ಆರ್‌ಎಚ್ ಉತ್ತಮ. ಒಂದು ಪ್ರದೇಶದ ಲಸಿಕೆ ಪಡೆಯದ ಕುದುರೆಗಳಲ್ಲಿ ರೋಗ ಸುಳಿದಾಡಿದೆಯೇ ಎಂದು ತಿಳಿಯಬೇಕಾದರೆ ಎಲೈಸಾ ವೇಗದ ದಾರಿ.

ಎರಡು ಮಾದರಿಗಳ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದೇ ಲಾಯದ ಮೂರು ಪ್ರಾಣಿಗಳಿಗೂ ಎಚ್‌ಐ ಟೈಟರ್ 64 ಬಂದಿದೆಯೆನ್ನೋಣ. ಮೊದಲನೆಯದಕ್ಕೆ ಹಿಂದಿನ ತಿಂಗಳು ಲಸಿಕೆ ಹಾಕಿಸಲಾಗಿತ್ತು. ಎರಡನೆಯದಕ್ಕೆ ಮೂರು ವಾರಗಳ ಹಿಂದೆ ಜ್ವರ ಬಂದು ಹೋಗಿತ್ತು. ಮೂರನೆಯದು ಎರಡು ತಿಂಗಳ ಮರಿ, ಅದರ ಪ್ರತಿಕಾಯ ತಾಯಿಯ ಗಿಣ್ಣುಹಾಲಿನಿಂದ ಬಂದದ್ದು. ಅಂಕೆ ಒಂದೇ, ಕಥೆ ಮೂರು. ಮೊದಲ ಮಾದರಿಯನ್ನು ಜ್ವರ ಕಂಡೊಡನೆ, ಎರಡನೆಯದನ್ನು ಎರಡು ಮೂರು ವಾರಗಳ ನಂತರ ತೆಗೆದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಸೋಂಕು ತಗುಲಿದ ಕುದುರೆಯ ಅಂಕೆ ಅಷ್ಟರಲ್ಲಿ ಏರಿರುತ್ತದೆ. ಒಂದು ತಿಂಗಳ ಹಿಂದೆ ಲಸಿಕೆ ಪಡೆದದ್ದರ ಅಂಕೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮರಿಯದು ದಿನ ಕಳೆದಂತೆ ಇಳಿಯುತ್ತದೆ. ಎರಡೂ ಮಾದರಿಗಳನ್ನು ಒಂದೇ ಪ್ರಯೋಗಾಲಯದಲ್ಲಿ, ಒಂದೇ ಪರೀಕ್ಷೆಯಿಂದ, ಸಾಧ್ಯವಾದರೆ ಒಂದೇ ದಿನ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದನ್ನು ಎಚ್‌ಐಗೆ, ಎರಡನೆಯದನ್ನು ಎಸ್‌ಆರ್‌ಎಚ್‌ಗೆ ಕೊಟ್ಟು ಹೋಲಿಸುವುದು ಜೋಳವನ್ನು ಸೇರಿನಲ್ಲೂ ಬಟ್ಟೆಯನ್ನು ಗಜದಲ್ಲೂ ಅಳೆದು ಯಾವುದು ಹೆಚ್ಚೆಂದು ಕೇಳಿದಂತೆ.

ಕಲಬುರಗಿಯಿಂದ ಪ್ರಯೋಗಾಲಯದವರೆಗೆ

ದೇಶದಲ್ಲಿ ಕುದುರೆಗಳ ರೋಗಗಳಿಗೆಂದೇ ಮೀಸಲಾದ ಸಂಸ್ಥೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. 1985ರಲ್ಲಿ ಸ್ಥಾಪನೆಯಾದ ಈ ಕೇಂದ್ರವು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ ಸೇರಿದೆ. ದೇಶದಲ್ಲೇ ದೊರೆತ ವೈರಾಣುವನ್ನು ಬಳಸಿ ಫ್ಲೂ ಲಸಿಕೆಯನ್ನೂ ಅದು ಅಭಿವೃದ್ಧಿಪಡಿಸಿದೆ. ಹಿಸಾರ್ ನಮಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಬೇಸಿಗೆಯ ಬಿಸಿಲನ್ನು ಹಾದು ಮಾದರಿ ಅಲ್ಲಿಗೆ ಸುಸ್ಥಿತಿಯಲ್ಲಿ ಮುಟ್ಟಬೇಕು. ಪರೀಕ್ಷೆ ಎಷ್ಟೇ ಉತ್ತಮವಾಗಿದ್ದರೂ ಕೆಟ್ಟ ಮಾದರಿಯಿಂದ ಒಳ್ಳೆಯ ಉತ್ತರ ಬಾರದು.

ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ಆದರೂ ಸಾಕುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಪ್ರತಿಕಾಯ ಪರೀಕ್ಷೆಗೆ ಹೆಪ್ಪುಗಟ್ಟುವ ರಕ್ತವೇ ಬೇಕು. ಸೀಸೆಯನ್ನು ಅಲುಗಾಡಿಸದೆ ನೆರಳಿನಲ್ಲಿ ನಿಲ್ಲಿಸಿ, ತಿಳಿದ್ರವ ಮೇಲೆ ಬಂದ ಮೇಲೆ ಬೇರ್ಪಡಿಸಬೇಕು. ಕುದುರೆಯ ರಕ್ತಕಣಗಳು ಬೇಗ ತಳಕ್ಕಿಳಿಯುವ ಸ್ವಭಾವದವು, ಇದು ಅನುಕೂಲವೇ. ಬೇರ್ಪಡಿಸದ ರಕ್ತವನ್ನು ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆದು ಸೀರಂ ಕೆಂಪಾಗಿ ಪರೀಕ್ಷೆ ಕೆಡುತ್ತದೆ. ಸೀಸೆಯ ಮೇಲೆ ಪ್ರಾಣಿಯ ಗುರುತು, ರಕ್ತ ತೆಗೆದ ದಿನ ಬರೆದಿರಬೇಕು. ಜ್ವರ ಆರಂಭವಾದ ದಿನ, ಪ್ರಾಣಿಯ ವಯಸ್ಸು, ಲಸಿಕೆಯ ವಿವರಗಳನ್ನು ಜೊತೆಯ ಚೀಟಿಯಲ್ಲಿ ನಮೂದಿಸಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಡವಿಲ್ಲದೆ ಕಳುಹಿಸಬೇಕು.

ವರದಿ ಕೈಗೆ ಬಂದಾಗ ಪಶುವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಬಹುದು. ಇದು ಯಾವ ಪರೀಕ್ಷೆ? ಯಾವ ವೈರಾಣುವನ್ನು ಬಳಸಿ ಮಾಡಿದ್ದು? ಎರಡನೆಯ ಮಾದರಿ ಯಾವಾಗ ಬೇಕು? ಈ ಅಂಕೆ ಸೋಂಕಿನ ಗುರುತೋ, ರಕ್ಷಣೆಯ ಅಳತೆಯೋ?

ರಕ್ತ ಕೊಡಲು ಭಯ ಬೇಡ

ಕುದುರೆ ಸಾಕುವವರಲ್ಲಿ ಅನೇಕರು ರಕ್ತಪರೀಕ್ಷೆಯೆಂದರೆ ಹಿಂಜರಿಯುತ್ತಾರೆ. ಇದಕ್ಕೆ ಕಾರಣ ಗ್ಲ್ಯಾಂಡರ್ಸ್ ಎಂಬ ಬೇರೊಂದು ರೋಗ. ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಮನುಷ್ಯರಿಗೂ ತಗುಲಿ ಪ್ರಾಣಾಪಾಯ ತರಬಲ್ಲದು. ಆ ರೋಗ ದೃಢಪಟ್ಟ ಪ್ರಾಣಿಗೆ 2009ರ ಕೇಂದ್ರ ಕಾಯ್ದೆಯ ಪ್ರಕಾರ ದಯಾಮರಣ ಕೊಡಲಾಗುತ್ತದೆ, ಒಡೆಯನಿಗೆ ಪರಿಹಾರ ಧನ ದೊರೆಯುತ್ತದೆ. ಫ್ಲೂ ಜ್ವರದ ಸಂಗತಿ ಹಾಗಲ್ಲ. ಇದು ಗುಣವಾಗುವ ರೋಗ. ಪ್ರತಿಕಾಯ ಕಂಡ ಮಾತ್ರಕ್ಕೆ ಪ್ರಾಣಿಗೆ ಯಾವ ಕುತ್ತೂ ಇಲ್ಲ, ಬದಲಾಗಿ ಅದು ದೇಹ ಹೋರಾಡಿದುದರ ಲಕ್ಷಣ. ಭಯದಿಂದ ಜ್ವರವನ್ನು ಮುಚ್ಚಿಟ್ಟು ಮರುದಿನದ ಮೆರವಣಿಗೆಗೆ ಕುದುರೆಯನ್ನು ಕರೆದೊಯ್ದರೆ ತನ್ನ ಪ್ರಾಣಿಯ ಶ್ವಾಸಕೋಶಕ್ಕೂ ನೆರೆಯವರ ದುಡಿಮೆಗೂ ಒಮ್ಮೆಗೇ ಕೇಡು ಮಾಡಿದಂತಾಗುತ್ತದೆ.

ವರದಿ ಬರುವವರೆಗೆ ಕಾಯದೆ ಮಾಡಬೇಕಾದ ಕೆಲಸಗಳೂ ಇವೆ. ಕೆಮ್ಮುವ ಕುದುರೆಯನ್ನು ಉಳಿದವುಗಳಿಂದ ದೂರ ಕಟ್ಟಬೇಕು. ಕೆಮ್ಮಿನ ಹನಿಗಳು ಹತ್ತಾರು ಮೀಟರ್ ದೂರ ಸಾಗಬಲ್ಲವು. ನೀರಿನ ಬಕೆಟ್, ಲಗಾಮು, ಮೈ ಉಜ್ಜುವ ಬ್ರಷ್ ಬೇರೆಯಾಗಿರಲಿ. ಅದನ್ನು ಮುಟ್ಟಿದವರು ಕೈ ತೊಳೆದು, ಬಟ್ಟೆ ಬದಲಿಸಿ ಇತರ ಕುದುರೆಗಳ ಬಳಿ ಹೋಗಬೇಕು. ಧೂಳಿಲ್ಲದ, ಗಾಳಿಯಾಡುವ ಜಾಗ ಬೇಕು, ಒಣ ಮೇವನ್ನು ನೀರು ಚಿಮುಕಿಸಿ ಹಾಕಬೇಕು. ಜ್ವರವಿದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ ಎಂಬುದು ಪಶುವೈದ್ಯರು ಒಪ್ಪಿದ ಲೆಕ್ಕ. ಮೂರು ದಿನ ಜ್ವರ ಬಂದಿದ್ದರೆ ಮೂರು ವಾರವಾದರೂ ಜೀನು ಹೇರಬಾರದು. ಸಹಾಯಕ್ಕೆ ಹತ್ತಿರದ ಪಶು ಆಸ್ಪತ್ರೆಯನ್ನು ಕಾಣಬಹುದು ಅಥವಾ ಪಶು ಸಂಚಾರಿ ಚಿಕಿತ್ಸಾಲಯದ 1962 ಸಂಖ್ಯೆಗೆ ಕರೆ ಮಾಡಬಹುದು.

ಮದುವೆಯ ಕಾಲವೂ ಜಾತ್ರೆಯ ಕಾಲವೂ ಬೇರೆ ಬೇರೆ ಊರಿನ ಕುದುರೆಗಳು ಒಂದೆಡೆ ಸೇರುವ ಕಾಲ. ಅದಕ್ಕೆ ಮುಂಚೆಯೇ ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ಲೇಸು. ಮೊದಲ ಬಾರಿಗೆ ಹಾಕಿಸುವಾಗ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರು ತಿಂಗಳ ಹೊತ್ತಿಗೆ ಮತ್ತೊಂದು, ಆಮೇಲೆ ವೈದ್ಯರು ಹೇಳಿದ ಅವಧಿಗೆ ಒಂದೊಂದು ಎಂಬುದು ರೂಢಿಯ ಕ್ರಮ. ಆದ್ದರಿಂದ ಮೆರವಣಿಗೆಯ ಹಿಂದಿನ ವಾರ ಎಚ್ಚೆತ್ತರೆ ಫಲವಿಲ್ಲ. ಮದುವೆಗೆ ಕುದುರೆ ಗೊತ್ತುಮಾಡುವ ಮನೆಯವರೂ ಅದು ಆರೋಗ್ಯವಾಗಿದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಕೆಮ್ಮುವ ಕುದುರೆಯನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದಾಗ ಅದರ ಒಡೆಯನ ಅಂದಿನ ಕೂಲಿಯಲ್ಲಿ ಒಂದು ಪಾಲನ್ನಾದರೂ ಕೊಟ್ಟು ಕಳುಹಿಸಿದರೆ, ಜ್ವರವನ್ನು ಮುಚ್ಚಿಡುವ ಅಗತ್ಯ ಆತನಿಗೆ ಬಾರದು.